ಬೆಲ್ಲ ಬಾಯಿಗಿಡುವ ಮೊದಲು ರೇಟು

ನನ್ನ ಗಂಡನಿಗೆ ದೇವರು ಚಿನ್ನದಂಥ ಎರಡು ಕೈ ಕೊಟ್ಟು, ಬಾಯಿ ಕೊಡುವುದನ್ನು ಮರೆತುಬಿಟ್ಟಿದ್ದ. ಒಣಗಿದ ಕ್ರೋಟನ್ ಕಡ್ಡಿಯನ್ನು ಅವರು ಮಣ್ಣಿಗೆ ಚುಚ್ಚಿದರೂ ಸಾಕು, ಸ್ವಲ್ಪ ದಿನದಲ್ಲಿ ಅದು ಚಿಗುರುತ್ತಿತ್ತು. ಆದರೆ ಕೆಲಸ ಮುಗಿದ ಮೇಲೆ ಮನೆಯವರು "ಎಷ್ಟಾಯ್ತು?" ಎಂದು ಕೇಳಿದರೆ ಈ ಮನುಷ್ಯ ನೆಲ ನೋಡುತ್ತಿದ್ದರು, ತಲೆಯ ಮುಂಡಾಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು, ಕೊನೆಗೆ ಹೇಳುವುದು ಒಂದೇ ಮಾತು: "ನೀವೇ ನೋಡಿ ಕೊಡಿ."

ಅವರೂ ನೋಡಿ ಕೊಡುತ್ತಿದ್ದರು. ಒಬ್ಬರು ಹಲಸಿನಹಣ್ಣು ಕೊಟ್ಟರು. ಒಬ್ಬರು ಒಂದು ಬುಟ್ಟಿ ಸೌತೆಕಾಯಿ ಕೊಟ್ಟರು. ಇನ್ನೊಬ್ಬರು ಕಡ್ಡಿ ಮುರಿದ ಕೊಡೆ ಕೊಟ್ಟು, "ರಿಪೇರಿ ಮಾಡಿಸಿದ್ರೆ ಹೊಸತೇ" ಎಂದರಂತೆ. ಮತ್ತೊಬ್ಬ ಪುಣ್ಯಾತ್ಮರು ಒಂದು ಹುಂಜವನ್ನೇ ಕೊಟ್ಟು ಕಳಿಸಿದರು. ಅದು ಬಂದ ದಿನದಿಂದ ನನ್ನನ್ನು ಕಂಡರೆ ಅಟ್ಟಿಸಿಕೊಂಡು ಬರುತ್ತಿತ್ತು, ನಾನು ಪೊರಕೆ ಹಿಡಿದೇ ಬಾವಿಕಟ್ಟೆಗೆ ಹೋಗಬೇಕಾಗಿತ್ತು. ಕೊಯ್ದು ಸಾರು ಮಾಡುವ ಎಂದರೆ ಗಂಡ, "ಪಾಪ, ಕೂಲಿಗೆ ಸಿಕ್ಕಿದ್ದಲ್ವಾ" ಎಂದು ಅಡ್ಡ ಬಂದರು. ನಾನು ಅವರನ್ನೂ ಹುಂಜವನ್ನೂ ಒಟ್ಟಿಗೆ ಬೈದೆ.

ಇದು ಅರುವತ್ತರ ದಶಕದ ಮೊದಲ ವರ್ಷಗಳ ಮಾತು. ಬಂಟ್ವಾಳ ಪೇಟೆಯ ಹಿಂದೆ, ಹೊಳೆಗೆ ಇಳಿಯುವ ದಾರಿಯಲ್ಲಿ ನಮ್ಮ ಬಾಡಿಗೆ ಮನೆ. ಗಂಡ ಮದುವೆಗೆ ಮೊದಲು ಮಂಗಳೂರಿನಲ್ಲಿ ಯಾರದೋ ಬಂಗಲೆಯ ಹೂತೋಟ ನೋಡಿಕೊಂಡಿದ್ದರು. ಬಂಗಲೆ ಕೈ ಬದಲಾದಾಗ ಒಂದಷ್ಟು ಗಿಡದ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಊರಿಗೆ ಬಂದರು. ಆಗ ಬೊಂಬಾಯಿಯಲ್ಲಿ ಹೋಟೆಲು ಮಾಡಿ ನಾಲ್ಕು ಕಾಸು ಕಂಡವರೆಲ್ಲ ಊರಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಕಾಲ. ಅವರಿಗೆಲ್ಲ ಮನೆಯೆದುರು ಹೂವಿನ ಪಾತಿ ಬೇಕು, ಅಂಚಿಗೆ ಕೆಂಪುಕಲ್ಲು ಕೂರಿಸಬೇಕು, ಗೇಟಿನಿಂದ ಜಗಲಿಯವರೆಗೆ ಕ್ರೋಟನ್ ಸಾಲು ಬೇಕು. ಇಳಿಜಾರು ಇದ್ದರೆ ಸಮ ಮಾಡಿ ಮೆಟ್ಟಿಲು ಇಡಬೇಕು. ಎಲ್ಲ ಎರಡು ದಿನದ್ದು, ನಾಲ್ಕು ದಿನದ್ದು ಸಣ್ಣ ಸಣ್ಣ ಕೆಲಸ. ಬಾವಿ ತೋಡುವುದಕ್ಕೆ, ಗೋಡೆ ಕಟ್ಟುವುದಕ್ಕೆ ಊರಲ್ಲಿ ಒಂದು ರೇಟು ಎಂದು ಇತ್ತು. ಹೂವಿನ ಪಾತಿಗೆ ರೇಟು ಎಂದರೇನೆಂದೇ ಯಾರಿಗೂ ಗೊತ್ತಿರಲಿಲ್ಲ. ಮನೆಯವರಿಗೂ ಗೊತ್ತಿಲ್ಲ, ಮಾಡುವವನಿಗೂ ಗೊತ್ತಿಲ್ಲ.

ಮದುವೆಯಾಗಿ ವರ್ಷ ಕಳೆದಿತ್ತು. ದೀಪಾವಳಿಗೆ ನನ್ನ ಅಣ್ಣ ಬಂದ. ಅವನು ಚಾರ್ಮಾಡಿ ಘಾಟಿಯ ಮೇಲೆ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರಾಗಿದ್ದ. ನಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಟ್ಟಿ ನೋಡಿದ. ಒಂದೂ ತುಂಬಿದ ಸದ್ದು ಕೊಡಲಿಲ್ಲ.

"ಭಾವ ಒಳ್ಳೆ ಜನ, ಇಲ್ಲ ಅಂತ ಹೇಳುವುದಿಲ್ಲ," ಎಂದ. "ಆದ್ರೆ ಹಲಸಿನಹಣ್ಣಿನಲ್ಲಿ ಮನೆ ಬಾಡಿಗೆ ಕೊಡ್ಲಿಕ್ಕೆ ಆಗ್ತದಾ? ನಮ್ಮ ಎಸ್ಟೇಟಿನ ನರ್ಸರಿ ನೋಡ್ಲಿಕ್ಕೆ ಒಬ್ಬ ಬೇಕು. ಸಂಕ್ರಾಂತಿವರೆಗೆ ಆ ಜಾಗ ನಾನು ಹೇಗಾದ್ರೂ ಹಿಡಿದಿಡ್ತೇನೆ. ಅಷ್ಟರೊಳಗೆ ಇಲ್ಲಿ ಎಂತ ಆಗದಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತೇನೆ."

"ನಾನು?" ಎಂದೆ.

"ಅಲ್ಲಿ ಹೆಂಗಸರಿಗೆ ಜಾಗ ಇಲ್ಲ. ಗಂಡಸರು ಆರಾರು ಜನ ಒಂದು ಕೋಣೆಯಲ್ಲಿ. ನೀನು ಅಮ್ಮನ ಹತ್ರ ಇರು. ಮಳೆಗಾಲದಲ್ಲಿ ಭಾವ ಬರ್ತಾರಲ್ಲ."

ಗಂಡ ಏನಾದರೂ ಹೇಳುತ್ತಾರೆಂದು ಅವರ ಮುಖ ನೋಡಿದೆ. ಅವರು, "ಆಯ್ತು, ನೋಡುವ" ಎಂದು ಹಿತ್ತಿಲಿಗೆ ಹೋದರು. ನನ್ನ ಮೈಯೆಲ್ಲ ಉರಿಯಿತು. ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಘಟ್ಟ ಹತ್ತುವ ಮಾತಿಗೂ ನೋಡುವ! ಅಣ್ಣ ಹೋದ ಮೇಲೆ ಕೇಳಿದೆ, "ನಿಮಗೆ ಹೋಗ್ಲಿಕ್ಕೆ ಮನಸ್ಸುಂಟಾ, ಇಲ್ವಾ?" "ನೀನು ಹೇಳಿದ ಹಾಗೆ" ಎಂದರು. ನನ್ನ ನಾಲಿಗೆಯಿಂದ ತಪ್ಪಿಸಿಕೊಂಡರೆ ಸಾಕು ಎಂದಿದ್ದಾರೋ ಏನೋ ಎಂಬ ಸಂಶಯ ನನಗೆ ಆ ದಿನವೇ ಹುಟ್ಟಿತು. ನನಗಂತೂ ಅವರು ಬೇಕಿತ್ತು. ಸಂಜೆ ಕೈಕಾಲು ತೊಳೆದು ಬಂದು, ನಾನು ಬೈಯುವುದನ್ನು ಕೇಳುತ್ತಾ ಗಂಜಿ ಉಣ್ಣುವ ಆ ಮನುಷ್ಯ ಎದುರಿಗೆ ಇಲ್ಲದಿದ್ದರೆ ನಾನು ಯಾರನ್ನು ಬೈಯಲಿ?

"ಇನ್ನು ಮೇಲೆ ನಾನೂ ಬರ್ತೇನೆ," ಎಂದೆ. "ರೇಟು ನಾನು ಹೇಳ್ತೇನೆ."

ಮೊದಲು ಹೋದದ್ದು ಪಾಣೆಮಂಗಳೂರಿನ ಒಂದು ಮನೆಗೆ. ಯಜಮಾನರಿಗೆ ಬೊಂಬಾಯಿಯಲ್ಲಿ ಹೋಟೆಲು. ಜಗಲಿಯ ಎರಡೂ ಬದಿಗೆ ಪಾತಿ ಮಾಡಬೇಕಿತ್ತು. ಕೂತ ಕೂಡಲೇ ಮನೆಯಾಕೆ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ನಮ್ಮ ಕಡೆ ಅದು ಎಲ್ಲ ಮನೆಯಲ್ಲೂ ಇರುವ ಮರ್ಯಾದೆ. ಬೆಲ್ಲ ಕಚ್ಚಿ ನೀರು ಕುಡಿದೆವು. ಮಧ್ಯಾಹ್ನ ಎಲೆ ಹಾಕಿದರು. ಎಂಥ ಊಟ! ಸಾರು, ಹುಳಿ, ಎರಡು ಪಲ್ಯ, ಕೊನೆಗೆ ಕಡಲೆಬೇಳೆ ಪಾಯಸ. ಆಕೆ, "ಉಣ್ಲಿಕ್ಕೆ ಸಂಕೋಚ ಮಾಡ್ಬೇಡ ತಂಗೀ" ಎಂದು ಮೂರು ಸಲ ಪಾಯಸ ಸುರಿದರು. ಕೆಲಸ ಮುಗಿದ ದಿನ ನಾನು ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ಯಜಮಾನರು ನಕ್ಕು, "ಇನ್ನು ನೀವು ನಮ್ಮ ಮನೆಯವರ ಹಾಗೇ ಆಯ್ತಲ್ಲ, ನಮ್ಮೊಳಗೆ ಲೆಕ್ಕ ಎಂತದು?" ಎಂದು ಎರಡು ತೆಂಗಿನಕಾಯಿಯ ಮೇಲೆ ಐದು ರೂಪಾಯಿ ಇಟ್ಟು ಕೊಟ್ಟರು. ನಾನು, ಊರಿಗೆಲ್ಲ ಉತ್ತರ ಕೊಡುವವಳು, ಹಲ್ಲು ಬಿಟ್ಟು ನಿಂತೆ. ಆಕೆಯ ಪಾಯಸ ಮೂರು ದಿನ ಉಂಡವಳು ಯಾವ ಬಾಯಲ್ಲಿ ಕೂಲಿ ಕೇಳಲಿ?

ಸೇತುವೆ ದಾಟಿ ಮನೆಗೆ ಬರುವಾಗ ಗಂಡನ ಬಾಯಿ ಎಲ್ಲಿ ಹೋಗುತ್ತಿತ್ತೆಂದು ನನಗೆ ಅರ್ಥವಾಯಿತು. ಅವರಿಗೆ ಬಾಯಿ ಇಲ್ಲದೆ ಅಲ್ಲ. ಉಂಡ ಮನೆಯಲ್ಲಿ ಅದು ಏಳುತ್ತಿರಲಿಲ್ಲ. ಹಾಗಾದರೆ ಉಣ್ಣುವುದಕ್ಕೆ ಮೊದಲೇ ಮಾತು ಮುಗಿಸಬೇಕು. ಉಣ್ಣುವುದಕ್ಕೇನು, ಬೆಲ್ಲ ಬಾಯಿಗಿಡುವುದಕ್ಕೂ ಮೊದಲೇ.

ಮುಂದಿನ ಕೆಲಸ ಬೆಳ್ತಂಗಡಿಯಲ್ಲಿ, ಒಬ್ಬ ಮರದ ಕಂಟ್ರಾಕ್ಟರ ಮನೆಯಲ್ಲಿ. ಕಂಟ್ರಾಕ್ಟರ ಹೆಂಡತಿ ಬೆಲ್ಲದ ತಟ್ಟೆ ಹಿಡಿದು ಹೊಸ್ತಿಲು ದಾಟುತ್ತಿದ್ದರಷ್ಟೆ, ನಾನು ಕೈ ಅಡ್ಡ ಹಿಡಿದೆ. "ಅಕ್ಕ, ಬೆಲ್ಲ ಅಲ್ಲೇ ಇರ್ಲಿ. ಮೊದಲು ರೇಟು ಮಾತಾಡುವ."

ಆಕೆ ಮೂಗಿನ ಮೇಲೆ ಬೆರಳಿಟ್ಟರು. ಕಂಟ್ರಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. ನನ್ನ ಗಂಡ ಎದ್ದು ಹೋಗಿ ಗೇಟಿನ ಹತ್ತಿರ ನಿಂತು, ತಾವು ನನ್ನನ್ನು ನೋಡಿಯೇ ಇಲ್ಲ ಎಂಬ ಹಾಗೆ ರಸ್ತೆ ನೋಡತೊಡಗಿದರು.

"ಎಂತ ಹೆಂಗಸು ಮಾರಾಯ್ರೇ ಇದು!" ಎಂದರು ಕಂಟ್ರಾಕ್ಟರು. "ಮನೆಗೆ ಬಂದವರು ನೀರು ಕುಡಿಯದೆ ರೇಟು ಹೇಳುವುದುಂಟಾ?"

"ನಿಮ್ಮ ಬೆಲ್ಲ ತಿಂದ್ರೆ ನನಗೆ ಲೆಕ್ಕ ಮರೆತು ಹೋಗ್ತದೆ ಧನಿ," ಎಂದೆ. "ಇಪ್ಪತ್ತೆರಡು ರೂಪಾಯಿ. ಆಗ್ತದೆ ಅಂದ್ರೆ ಬೆಲ್ಲ ಕೊಡಿ, ಆಗುದಿಲ್ಲ ಅಂದ್ರೆ ಬಸ್ಸು ಹೊರಡ್ಲಿಕ್ಕೆ ಇನ್ನೂ ಹೊತ್ತುಂಟು."

ಹದಿನೆಂಟಕ್ಕೆ ಒಪ್ಪಿದರು. ನಾನು ಲೆಕ್ಕ ಹಾಕಿದ್ದು ಹದಿನಾರಕ್ಕೆ. ಆ ದಿನದ ಬೆಲ್ಲದಷ್ಟು ಸಿಹಿ ಬೆಲ್ಲ ನಾನು ಮತ್ತೆ ತಿಂದಿಲ್ಲ.

ಲೆಕ್ಕ ಹೇಗೆ ಹಾಕುತ್ತಿದ್ದೆ ಎಂದು ಮೊಮ್ಮಕ್ಕಳು ಈಗ ಕೇಳುತ್ತಾರೆ. ಶಾಲೆಯ ಗಣಿತವೇನೂ ಅಲ್ಲ. ಗಂಡ ಹಾರೆಯಿಂದ ನೆಲಕ್ಕೆ ಒಂದು ಏಟು ಹಾಕುತ್ತಿದ್ದರು. ಠಣ್ ಎಂದರೆ ಕೆಳಗೆ ಕೆಂಪುಕಲ್ಲು, ರೇಟು ಮೇಲೆ. ಬಾವಿ ಮನೆಯ ಹಿಂದೆ ಇದ್ದು ಪಾತಿ ಮುಂದೆ ಇದ್ದರೆ ನೀರು ಹೊರುವವಳು ನಾನೇ ತಾನೆ, ಅದಕ್ಕೆ ಬೇರೆ. ಬಸ್ಸಿನ ಖರ್ಚು ಇಬ್ಬರದು. ಆಮೇಲೆ ಜಗಲಿಯ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದೆ. ಅಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತ ಹಿರಿಯರು ಒಬ್ಬರೇ ಆದರೆ ತೊಂದರೆಯಿಲ್ಲ. ಮಾವ, ಚಿಕ್ಕಪ್ಪ, ಪಕ್ಕದ ಮನೆಯವರು ಎಂದು ಸಾಲಾಗಿ ಕೂತಿದ್ದರೆ ಎರಡು ರೂಪಾಯಿ ಏರಿಸುತ್ತಿದ್ದೆ. ಒಬ್ಬರು ಪಾತಿ ದುಂಡಗಿರಲಿ ಎನ್ನುತ್ತಾರೆ, ಇನ್ನೊಬ್ಬರು ಚೌಕ ಎನ್ನುತ್ತಾರೆ, ಮೂರನೆಯವರು ಸಂಜೆ ಬಂದು, "ಇದು ಯಾರು ಇಲ್ಲಿ ಮಾಡಿದ್ದು?" ಎನ್ನುತ್ತಾರೆ. ಒಂದೇ ಪಾತಿಯನ್ನು ಮೂರು ಸಲ ಮಾಡಲಿಕ್ಕುಂಟು.

ಇದೆಲ್ಲಕ್ಕಿಂತ ದೊಡ್ಡ ಪೀಡೆ ಇನ್ನೊಂದಿತ್ತು. "ಬಂದದ್ದು ಬಂದಿದ್ದೀರಿ, ಹಾಗೇ ಇದೊಂದು" ಎಂಬ ಕೆಲಸ. ಬಂದದ್ದು ಬಂದಿದ್ದೀರಿ, ಹಾಗೇ ಆ ನುಗ್ಗೆಯ ಗೆಲ್ಲು ಕಡಿಯಿರಿ. ಹಾಗೇ ಬಾವಿಗೆ ಬಿದ್ದ ಕೊಡಪಾನ ತೆಗೆಯಿರಿ. ಹಾಗೇ ದನ ತಪ್ಪಿಸಿಕೊಂಡಿದೆ, ಹಿಡಿದು ತನ್ನಿ. ನನ್ನ ಗಂಡ ಎಲ್ಲದಕ್ಕೂ ಹೂಂ ಎನ್ನುವವರು. ನಾನು ಶುರುವಿನಲ್ಲೇ ಹೇಳಿಬಿಡುತ್ತಿದ್ದೆ: "ಬಂದದ್ದಕ್ಕೆ ಒಂದು ರೇಟು, ಹಾಗೇ ಅನ್ನುವುದಕ್ಕೆ ಬೇರೆ ರೇಟು." ಮತ್ತೆ ಯಾರ ಕೊಡಪಾನವೂ ಬಾವಿಗೆ ಬೀಳಲಿಲ್ಲ, ಯಾರ ದನವೂ ತಪ್ಪಿಸಿಕೊಳ್ಳಲಿಲ್ಲ.

ಹೀಗೆ ಸ್ವಲ್ಪ ಹಣ ಕಂಡೆ. ಬಾಡಿಗೆಯ ಬಾಕಿ ತೀರಿತು. ಆದರೆ ಇಂದು ಕೆಲಸ ಇದ್ದರೆ ನಾಳೆ ಇಲ್ಲ. ಸಂಕ್ರಾಂತಿಗೆ ಅಣ್ಣ ಬಂದಾಗ ಅವನ ಕೈಗೆ ತೋರಿಸಲು ಒಂದು ಇಡಿಗಂಟು ಬೇಕು, ಅದನ್ನು ನೋಡಿ ಅವನು ತೆಪ್ಪಗೆ ಬಸ್ಸು ಹತ್ತಬೇಕು, ಅಷ್ಟೇ ನನ್ನ ಆಸೆ. ಆಗ ಮೂಡಬಿದ್ರೆಯಿಂದ ಹೇಳಿಕಳಿಸಿದರು.

ಅದೊಂದು ಹಳೆಯ ಜೈನರ ಮನೆ, ಬಸದಿಗೆ ಹೋಗುವ ಬೀದಿಯಲ್ಲಿ. ಮನೆಯ ಯಜಮಾನಿ ವಯಸ್ಸಾದ ಅಮ್ಮನವರು, ಬಿಳಿಸೀರೆ, ನೆಟ್ಟಗಿನ ಬೆನ್ನು, ಮೆಲ್ಲಗಿನ ಮಾತು. ಬಸದಿಯ ಪೂಜೆಗೆ ಹೂವು ಕೊಂಡು ತರಿಸಿ ಅವರಿಗೆ ಸಾಕಾಗಿತ್ತಂತೆ. ಮನೆಯ ಪಕ್ಕದ ದೊಡ್ಡ ಜಾಗದಲ್ಲಿ ನಂದಿಬಟ್ಟಲು, ಗೋರಟೆ, ಸೇವಂತಿಗೆ, ಅಬ್ಬಲಿಗೆ, ಎಲ್ಲ ಸಾಲುಸಾಲಾಗಿ ಆಗಬೇಕು. ಗಂಡ ಹಾರೆ ಹಾಕಿ ನೋಡಿದರು. ಬೆಣ್ಣೆಯಂಥ ಮಣ್ಣು, ಕಲ್ಲಿನ ಸದ್ದೇ ಇಲ್ಲ. ಬಾವಿ ಅಲ್ಲೇ ಮಗ್ಗುಲಲ್ಲಿ. ಜಗಲಿಯಲ್ಲಿ ಸಲಹೆ ಕೊಡುವ ಗಂಡಸರು ಒಬ್ಬರೂ ಇಲ್ಲ. ನನ್ನ ಲೆಕ್ಕದ ಪ್ರಕಾರ ಒಂದು ವಾರದ ಕೆಲಸ. ಬೆಲ್ಲದ ತಟ್ಟೆ ಬರುವುದನ್ನು ಕಂಡದ್ದೇ ನಾನು ಗಟ್ಟಿಯಾಗಿ, "ನಲವತ್ತೈದು ರೂಪಾಯಿ ಅಮ್ಮಾ, ಏನೇ ಆಗ್ಲಿ ಅಷ್ಟೇ" ಎಂದೆ.

"ಆಗಬಹುದು," ಎಂದರು ಅಮ್ಮನವರು.

ಚೌಕಾಸಿ ಇಲ್ಲ, ಕಣ್ಣು ದೊಡ್ಡದು ಮಾಡಿದ್ದಿಲ್ಲ. ಇಷ್ಟು ಸುಲಭದಲ್ಲಿ ಒಪ್ಪಿದ್ದು ಯಾಕೆಂದು ನನಗೆ ಅಲ್ಲೇ ಸಂಶಯ ಬಂತು. ಆದರೂ ಬೆಲ್ಲ ಬಾಯಿಗೆ ಹಾಕಿಕೊಂಡೆ. ಅದು ಕರಗುವ ಮೊದಲೇ ಅಮ್ಮನವರು ಮೆಲ್ಲಗೆ ಹೇಳಿದರು, "ಒಂದು ಮಾತು. ನಮ್ಮಲ್ಲಿ ಜೀವ ಕೊಲ್ಲುವ ಹಾಗಿಲ್ಲ. ಅಗೆಯುವಾಗ ಎರೆಹುಳ ಸಿಕ್ಕಿದ್ರೆ ಮೆಲ್ಲ ಎತ್ತಿ ಆ ಬಾಳೆಯ ಬುಡಕ್ಕೆ ಬಿಡ್ಬೇಕು. ಇರುವೆ ಗೂಡು ಕಂಡ್ರೆ ಅವು ತಾವಾಗಿ ಹೋಗುವವರೆಗೆ ಆ ಕಡೆ ಮುಟ್ಟಬಾರ್ದು. ಮತ್ತೆ ಹೊತ್ತು ಮುಳುಗುವ ಮೊದಲು ನಮ್ಮ ಮನೆಯಲ್ಲಿ ಊಟ ಆಗ್ಬೇಕು, ನೀವೂ ಬಿಸಿಲು ಇರುವಾಗಲೇ ಹಾರೆ ಕೆಳಗಿಟ್ಟು ಕೈತೊಳೆದು ಬನ್ನಿ."

ರೇಟು ಹೇಳಿ ಆಗಿತ್ತು, ಬೆಲ್ಲವೂ ಬಾಯೊಳಗೆ ಹೋಗಿ ಆಗಿತ್ತು.

ಬೆಣ್ಣೆಯಂಥ ಮಣ್ಣು ಎಂದೆನಲ್ಲ, ಆ ಮಣ್ಣನ್ನು ಬೆಣ್ಣೆ ಮಾಡಿದವರು ಯಾರು ಎಂದು ನಾನು ಯೋಚಿಸಿರಲಿಲ್ಲ. ಒಂದು ಹಾರೆ ಮಣ್ಣೆತ್ತಿದರೆ ಅಂಗೈ ತುಂಬ ಎರೆಹುಳ! ಗಂಡ ಒಂದೊಂದನ್ನೇ ಬೆರಳಲ್ಲಿ ಎತ್ತಿ ಅಡಿಕೆ ಹಾಳೆಗೆ ಹಾಕುವುದು, ನಾನು ಹಾಳೆ ಹೊತ್ತು ಬಾಳೆಯ ಬುಡಕ್ಕೆ ಹೋಗಿ ಬಿಡುವುದು. ಹೀಗೆ ಹೋದೆ, ಬಂದೆ, ಹೋದೆ, ಬಂದೆ. ಬಾಳೆಯ ಬುಡದಲ್ಲಿ ಕೂತು, "ಇಳೀರಿ ಮಾರಾಯ್ರೇ ಬೇಗ, ನಿಮ್ಮಿಂದ ನನ್ನ ಸಂಸಾರ ಹಾಳಾಗ್ತಾ ಉಂಟು" ಎಂದು ಹುಳಗಳನ್ನೇ ಬೈದದ್ದುಂಟು. ಅವುಗಳಿಗೆ ಯಾವ ಅವಸರವೂ ಇರಲಿಲ್ಲ. ಇರುವೆಗಳದ್ದು ಇನ್ನೊಂದು ದರ್ಬಾರು. ಒಂದು ಮೂಲೆಯಲ್ಲಿ ಮೊಟ್ಟೆ ಹೊತ್ತು ಸಾಲುಸಾಲಾಗಿ ಬಿಡಾರ ಬದಲಿಸುತ್ತಿದ್ದವು. ಹೊರಟವು ಅನ್ನುವಾಗ ನಾಲ್ಕು ತಿರುಗಿ ಬರುತ್ತಿದ್ದವು, ಏನು ಮರೆತಿದ್ದವೋ. ನಾವು ಪಕ್ಕದಲ್ಲಿ ಕೈಕಟ್ಟಿ ಕೂತೆವು. ಇನ್ನು ಬಿಸಿಲು ಇಳಿದು ಕೆಲಸಕ್ಕೆ ತಂಪಾಯಿತು ಎನ್ನುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಊಟದ ಕರೆ.

ನನ್ನ ಗಂಡನಿಗೆ ಇದೆಲ್ಲ ಹಬ್ಬ. "ಎಷ್ಟು ಚಂದ ಅಲ್ವಾ," ಎನ್ನುವರು ಇರುವೆಯ ಸಾಲು ನೋಡುತ್ತಾ.

"ಚಂದ! ಹೋಗಿ ಎಸ್ಟೇಟಿನಲ್ಲಿ ನೋಡಿ ಚಂದ," ಎಂದು ನಾನು ಸಿಡಿದೆ. "ಸಂಕ್ರಾಂತಿ ಬಂತು, ಗೊತ್ತುಂಟಾ ನಿಮಗೆ?"

ಅವರು ಬಗ್ಗಿ ಹುಳ ಎತ್ತುತ್ತಾ ಇದ್ದರು. ನನಗೆ ಅಳು ಬಂತು. ಈ ಮನುಷ್ಯನಿಗೆ ಹೋದರೂ ಒಂದೇ, ಇದ್ದರೂ ಒಂದೇ, ಓಡಾಡಿ ಸಾಯುವವಳು ನಾನೊಬ್ಬಳೇ ಎಂದುಕೊಂಡೆ.

ವಾರದ ಕೆಲಸ ತಿಂಗಳಿಗೆ ಮುಟ್ಟಿತು. ನಡುವೆ ಬೇರೆ ಎರಡು ಮನೆಯವರು ಕರೆದು, ನಾವು ಸಿಗದೆ ಸುಮ್ಮನಾದರು. ಸಂಕ್ರಾಂತಿಯ ಮುನ್ನಾದಿನ ಕೊನೆಯ ಸಾಲು ನೆಟ್ಟು ನೀರು ಹೊಯ್ದೆವು. ತೋಟ ಏನೋ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮನೆಯ ಹೆಂಗಸರು, ಮಕ್ಕಳು, ಆಳುಗಳು ಎಲ್ಲ ಬಂದು ನೋಡಿದರು. ಅಮ್ಮನವರು ಜಗಲಿಯಲ್ಲಿ ಕೂತು ನಲವತ್ತೈದು ರೂಪಾಯಿ ನನ್ನ ಕೈಗೆ ಕೊಟ್ಟರು.

ನಾನು ತಡೆಯಲಾರದೆ ಹೇಳಿದೆ, "ಅಮ್ಮಾ, ಹುಳದ್ದು, ಇರುವೆಯದ್ದು ನನಗೆ ಮೊದಲು ಗೊತ್ತಿರ್ಲಿಲ್ಲ. ಇದು ನಮಗೆ ಸಾಲುದಿಲ್ಲ."

"ಏನೇ ಆಗ್ಲಿ ಅಷ್ಟೇ ಅಂತ ಹೇಳಿದ್ದು ಯಾರು ಹುಡುಗಿ?" ಎಂದರು, ಸ್ವರ ಸ್ವಲ್ಪವೂ ಏರಿಸದೆ. "ನೀನು ಹೆಚ್ಚು ಹೇಳಿದ್ದೀಯೆಂದು ನನಗೆ ಅನ್ನಿಸಿತ್ತು. ಆದ್ರೂ ನಾನು ಚೌಕಾಸಿ ಮಾಡಿದ್ನಾ?"

ಮಾಡಿರಲಿಲ್ಲ. ನನ್ನ ನಾಲಿಗೆ ನನಗೇ ಮುಳುವಾಗಿತ್ತು. ನೋಟುಗಳನ್ನು ಸೆರಗಿಗೆ ಗಂಟು ಹಾಕುತ್ತಾ, ನಾಳೆ ಬಸ್ಸಿಳಿದು ಬರುವ ಅಣ್ಣನ ಮುಖ ಕಣ್ಣ ಮುಂದೆ ಬಂದು, ತಲೆ ತಗ್ಗಿಸಿ ಹೊರಟೆ.

ಗಂಡ ಹೊರಡಲಿಲ್ಲ. ಅಂಗಳದ ನಡುವೆ ನಿಂತಿದ್ದರು. ಮುಂಡಾಸು ಬಿಚ್ಚಿದರು, ಕಟ್ಟಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. ಅಷ್ಟು ಜನರ ಎದುರು, ಉಂಡ ಮನೆಯ ಅಂಗಳದಲ್ಲಿ, ನನ್ನ ಗಂಡ ಬಾಯಿ ತೆರೆದರು.

"ಅಮ್ಮಾ, ಕೂಲಿ ಸರಿ ಉಂಟು, ಅದಕ್ಕೆ ನಾನು ಎಂತದೂ ಹೇಳುದಿಲ್ಲ. ಆದ್ರೆ ನನಗೆ ಇಲ್ಲೇ ಕೆಲಸ ಬೇಕು. ಇಲ್ಲದಿದ್ರೆ ನಾಳೆ ನನ್ನನ್ನು ಘಟ್ಟಕ್ಕೆ ಕರ್ಕೊಂಡು ಹೋಗ್ತಾರೆ." ಮುಂಡಾಸನ್ನು ಎರಡೂ ಕೈಯಲ್ಲಿ ಹಿಂಡಿದರು. "ನನಗೆ ಇವಳನ್ನು ಬಿಟ್ಟು ಇರ್ಲಿಕ್ಕೆ ಆಗುದಿಲ್ಲ."

ಆಳುಹೆಂಗಸರು ಕಿಸಕ್ಕೆಂದು ನಕ್ಕರು. ನನಗೆ ಕಿವಿಯವರೆಗೆ ಬಿಸಿಯಾಯಿತು. ಅಮ್ಮನವರು ನಗಲಿಲ್ಲ. ನನ್ನ ಗಂಡನ ಕಡೆ ತಿರುಗಿ ಹೇಳಿದರು, "ಗಿಡ ನೆಟ್ಟರೆ ಮುಗೀಲಿಲ್ಲ, ಅದನ್ನು ನೋಡುವವರು ಬೇಕು. ಜೀವ ಕಂಡ್ರೆ ಕೈ ತಡೆಯುವವರು ನನಗೆ ಬೇರೆ ಯಾರು ಸಿಗ್ತಾರೆ? ವಾರಕ್ಕೆ ಎರಡು ದಿನ ಬಾ. ನಮ್ಮ ನೆಂಟರ ಮನೆಗಳಿಗೂ ಹೇಳ್ತೇನೆ. ತಿಂಗಳಿಗೆ ಎಷ್ಟು ಬೇಕು?"

ನಾನು ಬಾಯಿ ತೆರೆದೆ. "ನೀನಲ್ಲ," ಎಂದರು ನನಗೆ. "ಅವನು ಹೇಳ್ಲಿ."

ಗಂಡ ನೆಲ ನೋಡಿದರು. ನನ್ನನ್ನು ನೋಡಿದರು. "ಹದಿನೈದು ರೂಪಾಯಿ," ಎಂದರು.

ಅಮ್ಮನವರು, "ಆಗಬಹುದು" ಎಂದರು.

ಬಂಟ್ವಾಳದ ಬಸ್ಸಿನಲ್ಲಿ ನಾನು ಕಿಟಕಿಯ ಹತ್ತಿರ ಕೂತೆ, ಅವರು ಪಕ್ಕದಲ್ಲಿ. ಸಿದ್ಧಕಟ್ಟೆ ದಾಟುವವರೆಗೆ ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಮದುವೆಯಾದ ಮೇಲೆ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಅವರಿಗೆ ಗಾಬರಿಯಾಯಿತು. ಬಗ್ಗಿ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು, "ಎಂತ, ನಾನು ಕಡಿಮೆ ಹೇಳಿದ್ನಾ?"

ಕಡಿಮೆಯೇ ಹೇಳಿದ್ದರು. ನಾನಾಗಿದ್ದರೆ ಇಪ್ಪತ್ತೈದರಿಂದ ಶುರುಮಾಡಿ ಇಪ್ಪತ್ತಕ್ಕೆ ನಿಲ್ಲಿಸುತ್ತಿದ್ದೆ, ಬಸ್ಸಿನ ಖರ್ಚು ಬೇರೆ.

"ಇಲ್ಲ," ಎಂದೆ. "ಸರಿಯಾಗಿ ಹೇಳಿದ್ದೀರಿ."